ಬಿಚ್ಚಿ ಕಲಿತ ಕಟ್ಟು: ಗಾಳದ ಫ್ಲೈ ಕಟ್ಟುವ ಕಸುಬಿನ ಚರಿತ್ರೆ

ನೀರಿನ ಮೇಲೆ ಹಾರಾಡುವ, ನೀರೊಳಗೆ ಹುಟ್ಟಿ ಮೇಲೆದ್ದು ಬರುವ ಸಣ್ಣ ಕೀಟಗಳನ್ನು ತಿಂದು ಬದುಕುವ ಟ್ರೌಟ್‌ನಂಥ ತಣ್ಣೀರಿನ ಮೀನುಗಳನ್ನು ಹಿಡಿಯಲು, ಎರೆಹುಳುವಿನ ಬದಲು ಗರಿ, ರೇಷ್ಮೆ, ಉಣ್ಣೆ, ತುಪ್ಪಳಗಳನ್ನು ಗಾಳಕ್ಕೇ ಸುತ್ತಿ ಕಟ್ಟಿದ ಕೃತಕ ಕೀಟವನ್ನು ಬಳಸುವ ಪದ್ಧತಿಗೆ ಯುರೋಪಿನಲ್ಲಿ ಸುಮಾರು 1800 ವರ್ಷಗಳ ಲಿಖಿತ ಚರಿತ್ರೆಯಿದೆ. ಫ್ಲೈ ಎಂದು ಕರೆಯಲಾಗುವ ಈ ವಸ್ತು ಟ್ರೌಟ್ ಮೀನಿನ ಮಟ್ಟಿಗೆ ಸಾಮಾನ್ಯವಾಗಿ ಬೆರಳಿನ ಉಗುರಿಗಿಂತ ದೊಡ್ಡದಿರುವುದಿಲ್ಲ. ಅದನ್ನು ಕಟ್ಟಲು ಕಾರ್ಖಾನೆಯಾಗಲಿ ಯಂತ್ರವಾಗಲಿ ಬೇಕಿಲ್ಲದ ಕಾರಣ, ಮಾರಾಟಕ್ಕಾಗಿ ಕಟ್ಟುವವರು ಹುಟ್ಟಿಕೊಂಡ ಮೇಲೂ ಅದು ಕಿಟಕಿಯ ಬೆಳಕಿಗೆ ಮೇಜು ಎಳೆದುಕೊಂಡು ಮಾಡುವ ಮನೆಯೊಳಗಿನ ಕೈಕಸುಬಾಗಿಯೇ ಉಳಿದುಬಂದಿದೆ. ಈ ಕಸುಬಿನಲ್ಲಿ ಗುಟ್ಟು ಎರಡು ಬಗೆಯದು. ಯಾವ ಗರಿಯನ್ನು ಮೊದಲು ಕಟ್ಟಿದ್ದಾರೆ, ದಾರವನ್ನು ಎಷ್ಟು ಸುತ್ತು ಸುತ್ತಿದ್ದಾರೆ ಎಂಬುದು ಒಂದು ಫ್ಲೈಯನ್ನು ಕೊಂಡು ಸೂಜಿಯ ಮೊನೆಯಿಂದ ಹಿಂದುಮುಂದಾಗಿ ಬಿಚ್ಚಿದವರಿಗೆ ತಿಳಿದೇ ತಿಳಿಯುತ್ತದೆ. ಆದರೆ ಒಳಗಿನ ತುಪ್ಪಳ ಯಾವ ಪ್ರಾಣಿಯ ಮೈಯ ಯಾವ ಭಾಗದ್ದು, ಆ ಬಣ್ಣದ ಕೊರಳಗರಿ ಬಿಡುವ ಹುಂಜ ಎಲ್ಲಿ ಸಿಗುತ್ತದೆ ಎಂಬುದು ಎಷ್ಟು ಬಿಚ್ಚಿದರೂ ತಿಳಿಯುವುದಿಲ್ಲ. ಆದ್ದರಿಂದಲೇ ನಮೂನೆಯ ವಿವರಣೆಯೊಂದು ಮಾತ್ರ ಹರಡಿದ ಕಾಲದಲ್ಲಿ ಈ ಕಸುಬು ತನ್ನ ಕಣಿವೆಯನ್ನು ದಾಟಲು ಕಷ್ಟಪಟ್ಟಿದೆ, ನಮೂನೆಯ ಜೊತೆಗೆ ಸಾಮಗ್ರಿಯೂ ಕೈಯಿಂದ ಕೈಗೆ ಸಾಗಿದ ಕಾಲದಲ್ಲಿ ಖಂಡಗಳನ್ನೇ ದಾಟಿದೆ.

ಮೊದಲ ಸ್ಪಷ್ಟ ಉಲ್ಲೇಖ ಕ್ರಿ.ಶ. ಸುಮಾರು 200ರಲ್ಲಿ ರೋಮಿನಲ್ಲಿದ್ದು ಗ್ರೀಕ್ ಭಾಷೆಯಲ್ಲಿ ಬರೆದ ಈಲಿಯನ್‌ನ ಪ್ರಾಣಿಗಳ ಕುರಿತ ಗ್ರಂಥದಲ್ಲಿದೆ. ಮ್ಯಾಸಿಡೋನಿಯಾದಲ್ಲಿ ಬೆರೋಯಾ ಮತ್ತು ಥೆಸಲೋನಿಕಾ ಪಟ್ಟಣಗಳ ನಡುವೆ ಹರಿಯುವ ಆಸ್ಟ್ರಿಯಸ್ ಎಂಬ ನದಿಯ ಚುಕ್ಕೆ ಮೀನುಗಳು ಒಂದು ಬಗೆಯ ನೊಣವನ್ನು ತಿನ್ನುತ್ತವೆಂದೂ, ಆ ನೊಣವನ್ನು ಕೈಯಿಂದ ಮುಟ್ಟಿದರೆ ಅದರ ಬಣ್ಣ ಮಾಸಿ ರೆಕ್ಕೆ ಮುದುಡಿ ಗಾಳಕ್ಕೆ ಒದಗದಂತಾಗುವುದೆಂದೂ, ಆ ಕಾರಣಕ್ಕೆ ಅಲ್ಲಿನವರು ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ ಹುಂಜದ ಗದ್ದದ ಕೆಳಗಿನ ಜೇನುಮೇಣದ ಬಣ್ಣದ ಎರಡು ಗರಿಗಳನ್ನು ಕಟ್ಟುತ್ತಾರೆಂದೂ ಅವನು ಬರೆದಿದ್ದಾನೆ. ಗಮನಿಸಬೇಕಾದದ್ದೆಂದರೆ, ಎರಡೇ ಸಾಮಗ್ರಿಗಳ ಈ ಪುಟ್ಟ ವಿವರಣೆಯಲ್ಲಿಯೂ ಗರಿಯು ಹುಂಜದ ಮೈಯ ಯಾವ ಜಾಗದ್ದು ಎಂಬುದನ್ನು ಬಿಡದೆ ಹೇಳಲಾಗಿದೆ. ಅನಂತರ ದೀರ್ಘ ಮೌನವಿದ್ದು, ಮುದ್ರಣ ಬಂದ ಹೊತ್ತಿಗೆ ಮತ್ತೆ ಪಟ್ಟಿಗಳು ಕಾಣಿಸಿಕೊಳ್ಳುತ್ತವೆ: ಬವೇರಿಯಾದ ಟೆಗರ್ನ್‌ಸೀ ಮಠದಲ್ಲಿ 1500ರ ಸುಮಾರಿಗೆ ಬರೆದಿಟ್ಟ ಹಸ್ತಪ್ರತಿಯಲ್ಲಿ ಹಲವಾರು ಗರಿಗಾಳಗಳ ಬಣ್ಣದ ವಿವರಗಳಿವೆ, ಇಂಗ್ಲೆಂಡಿನಲ್ಲಿ 1496ರಲ್ಲಿ ವಿಂಕಿನ್ ದ ವೋರ್ಡ್ ಮುದ್ರಿಸಿದ, ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿಯ ಹೆಸರಿಗೆ ಆಧಾರವಿಲ್ಲದೆ ಅಂಟಿಕೊಂಡಿರುವ ಗಾಳವಿದ್ಯೆಯ ಪ್ರಬಂಧದಲ್ಲಿ ಹನ್ನೆರಡು ಫ್ಲೈಗಳಿವೆ. ಇವೆಲ್ಲ ಬಲ್ಲವರಿಗೆ ನೆನಪು ಮಾಡಿಕೊಡುವ ಟಿಪ್ಪಣಿಗಳು. ಕಟ್ಟುವ ಕ್ರಮವನ್ನು ಅವು ಕಲಿಸುವುದಿಲ್ಲ.

ಸ್ಪೇನಿನ ವಾಯವ್ಯದಲ್ಲಿರುವ ಲಿಯೋನ್ ಪ್ರಾಂತದ ಕಥೆ ಬೇರೆ. ಅಲ್ಲಿನ ಕುರುಯೆನ್ಯೋ ನದಿಯ ಕಣಿವೆಯ ಕೆಲವೇ ಹಳ್ಳಿಗಳಲ್ಲಿ ಗರಿಗಾಗಿಯೇ ಹುಂಜಗಳನ್ನು ಸಾಕುವ ಪದ್ಧತಿ ಇಂದಿಗೂ ಇದೆ. ಹುಂಜವನ್ನು ಕೊಲ್ಲದೆ ವರ್ಷಕ್ಕೆ ಕೆಲವು ಬಾರಿ ಅದರ ಬೆನ್ನಿನ ಪಕ್ಕದ ಗರಿಗಳನ್ನು ಕಿತ್ತು, ಹನ್ನೆರಡು ಹನ್ನೆರಡಾಗಿ ಕಟ್ಟಿ ಮಾರುತ್ತಾರೆ. ಒಂದೇ ಬಣ್ಣದ ಹೊಳಪುಳ್ಳ ಗರಿ ಬಿಡುವ ಹುಂಜಕ್ಕೆ ಇಂಡಿಯೋ ಎಂದೂ, ಚುಕ್ಕೆಗಳುಳ್ಳ ಕಂದು ಗರಿಯ ಹುಂಜಕ್ಕೆ ಪಾರ್ದೋ ಎಂದೂ ಹೆಸರು. 1624ರಲ್ಲಿ ಹ್ವಾನ್ ದೆ ಬೆರ್ಗಾರಾ ಬರೆದ, ಅಸ್ತೋರ್ಗಾ ಹಸ್ತಪ್ರತಿ ಎಂದು ಪ್ರಸಿದ್ಧವಾದ ಕೃತಿಯು ವರ್ಷದ ಯಾವ ತಿಂಗಳಿಗೆ ಯಾವ ಗರಿಯ ಫ್ಲೈ ಎಂಬುದನ್ನು ವಿವರಿಸುತ್ತದೆ. ಇದೇ ಹುಂಜವನ್ನು ಕಣಿವೆಯಾಚೆ ಒಯ್ದು ಸಾಕಿದರೆ ಗರಿಯ ಹೊಳಪು ಹೋಗುತ್ತದೆ ಎಂಬ ನಂಬಿಕೆ ಅಲ್ಲಿನವರಲ್ಲಿ ಗಟ್ಟಿಯಾಗಿತ್ತು. ಆ ನಂಬಿಕೆ ಎಷ್ಟು ಸರಿ ಎಂಬುದಕ್ಕಿಂತ, ಸಾಮಗ್ರಿಯೊಂದನ್ನು ಮಣ್ಣಿಗೇ ಕಟ್ಟಿಹಾಕಿ ಶತಮಾನಗಳ ಕಾಲ ಒಂದು ಕಸುಬನ್ನು ಸೀಮೆಯೊಳಗೇ ಇರಿಸಿದ ಅದರ ಬಲ ಚರಿತ್ರೆಗೆ ಮುಖ್ಯವಾದದ್ದು.

ಕಟ್ಟುವ ಕೈಯನ್ನೇ ಅಕ್ಷರಕ್ಕೆ ಇಳಿಸುವ ಪ್ರಯತ್ನದಲ್ಲಿ ಚಾರ್ಲ್ಸ್ ಕಾಟನ್‌ನ ಹೆಸರು ದೊಡ್ಡದು. ಐಸಾಕ್ ವಾಲ್ಟನ್ 1653ರಲ್ಲಿ ಪ್ರಕಟಿಸಿದ ಗಾಳಗಾರಿಕೆಯ ಪ್ರಸಿದ್ಧ ಗ್ರಂಥಕ್ಕೆ 1676ರಲ್ಲಿ ಕಾಟನ್ ಎರಡನೆಯ ಭಾಗವನ್ನು ಬರೆದು ಸೇರಿಸಿದನು. ಡರ್ಬಿಶೈರ್ ಮತ್ತು ಸ್ಟಾಫರ್ಡ್‌ಶೈರ್‌ಗಳ ಗಡಿಯಾದ ಡವ್ ನದಿಯ ದಡದಲ್ಲಿ ಹೊರಗಿನಿಂದ ಬಂದ ಪ್ರಯಾಣಿಕನೊಬ್ಬನಿಗೆ ಫ್ಲೈ ಕಟ್ಟಿ ತೋರಿಸುವ ಸಂಭಾಷಣೆಯ ರೂಪದಲ್ಲಿ ಪಾಠ ನಡೆಯುತ್ತದೆ. ಗಾಳವನ್ನು ಕಚ್ಚಿ ಹಿಡಿಯುವ ವೈಸ್ ಎಂಬ ಪುಟ್ಟ ಸಾಧನ ಆಗಿನ್ನೂ ಬಳಕೆಗೆ ಬಂದಿರಲಿಲ್ಲ, ಗಾಳಕ್ಕೆ ದಾರ ಪೋಣಿಸುವ ಕಣ್ಣೂ ಇರಲಿಲ್ಲ; ಹಾಗಾಗಿ ಎಡಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಗಾಳವನ್ನು ಹಿಡಿದು, ಕುದುರೆಯ ಬಾಲದ ಕೂದಲನ್ನು ಅದರ ದಂಡಕ್ಕೆ ಮೇಣ ತಿಕ್ಕಿದ ರೇಷ್ಮೆಯಿಂದ ಬಿಗಿದು, ರೆಕ್ಕೆಯ ಗರಿಯನ್ನು ಕೂಡಿಸಿ, ಚಿಟಿಕೆ ತುಪ್ಪಳವನ್ನು ಅದೇ ರೇಷ್ಮೆಯ ಮೇಲೆ ಹೊಸೆದು ಗಾಳಕ್ಕೆ ಸುತ್ತಿ ಒಡಲನ್ನು ಮಾಡಬೇಕಿತ್ತು. ತುಪ್ಪಳವನ್ನು ಹೀಗೆ ದಾರಕ್ಕೆ ಹೊಸೆಯುವ ಕ್ರಿಯೆಗೆ ಡಬ್ಬಿಂಗ್ ಎಂದು ಹೆಸರು. ಬೆರಳು ಒಂದಿಷ್ಟು ಸಡಿಲಿಸಿದರೂ ಎಲ್ಲವೂ ಬಿಚ್ಚಿಕೊಳ್ಳುವ ಈ ಕೆಲಸದ ನಡುವೆ ಕಾಟನ್ ಹೇಳಿಕೊಡುವ ಸೂಕ್ಷ್ಮವೊಂದಿದೆ: ತುಪ್ಪಳದ ಬಣ್ಣವನ್ನು ಅಂಗೈಯಲ್ಲಿಟ್ಟು ನಿರ್ಧರಿಸಬಾರದು, ಕಣ್ಣಿಗೂ ಸೂರ್ಯನಿಗೂ ನಡುವೆ ಎತ್ತಿ ಹಿಡಿದು ನೋಡಬೇಕು, ಏಕೆಂದರೆ ನೀರಿನ ಕೆಳಗಿರುವ ಮೀನು ಬೆಳಕಿಗೆ ಎದುರಾಗಿಯೇ ಅದನ್ನು ಕಾಣುತ್ತದೆ. ತಿಂಗಳವಾರು 60ಕ್ಕೂ ಹೆಚ್ಚು ಫ್ಲೈಗಳನ್ನು ಪಟ್ಟಿ ಮಾಡಿದ ಅವನ ಗ್ರಂಥಭಾಗದಲ್ಲಿ ಈ ಒಂದು ಸೂಚನೆಯೇ ಹೆಚ್ಚು ಬೆಲೆಯುಳ್ಳದ್ದು ಎನ್ನಬಹುದು.

ಬಣ್ಣದ ಈ ತೊಡಕು ಮುಂದಿನ ಎರಡು ಶತಮಾನ ಎಲ್ಲ ಲೇಖಕರನ್ನೂ ಕಾಡಿತು. ಕಂದು ಎಂದು ಒಬ್ಬನು ಬರೆದದ್ದು ಇನ್ನೊಬ್ಬನಿಗೆ ಕೆಂಪಾಗಿ ಕಾಣುತ್ತಿತ್ತು, ಒಂದೇ ಕೀಟಕ್ಕೆ ಊರಿಗೊಂದು ಹೆಸರಿತ್ತು. 1836ರಲ್ಲಿ ಆಲ್‌ಫ್ರೆಡ್ ರೊನಾಲ್ಡ್ಸ್ ಸ್ಟಾಫರ್ಡ್‌ಶೈರಿನ ಬ್ಲೈದ್ ನದಿಯ ಮೇಲೆ ವೀಕ್ಷಣೆಯ ಗುಡಿಸಲು ಕಟ್ಟಿಕೊಂಡು ಮೀನುಗಳ ನಡವಳಿಕೆಯನ್ನು ಅಧ್ಯಯನ ಮಾಡಿ, ನಿಜವಾದ ಕೀಟ ಮತ್ತು ಅದನ್ನು ಹೋಲುವ ಫ್ಲೈಗಳನ್ನು ಅಕ್ಕಪಕ್ಕದಲ್ಲಿಟ್ಟ ಬಣ್ಣದ ಚಿತ್ರಗಳೊಂದಿಗೆ, ವೈಜ್ಞಾನಿಕ ಹೆಸರುಗಳೊಂದಿಗೆ ಪ್ರಕಟಿಸಿದ ಗ್ರಂಥವು ಹೆಸರಿನ ಗೊಂದಲವನ್ನು ಬಹುಮಟ್ಟಿಗೆ ಬಗೆಹರಿಸಿತು. ಚಿತ್ರದ ಬಣ್ಣವೂ ಸಾಲದೆಂದು ಕಂಡವರು ವಸ್ತುವನ್ನೇ ಪುಸ್ತಕದೊಳಗೆ ಇಟ್ಟರು. ಲಂಡನ್ನಿನಲ್ಲಿ ಅಂಗಡಿ ಇಟ್ಟಿದ್ದ ಐರ್ಲೆಂಡಿನ ವಿಲಿಯಂ ಬ್ಲ್ಯಾಕರ್ 1840ರ ದಶಕದಲ್ಲಿ ಹೊರತಂದ ತನ್ನ ಪುಸ್ತಕದ ಕೆಲವು ಪ್ರತಿಗಳಲ್ಲಿ ಕಟ್ಟಿದ ಫ್ಲೈಗಳನ್ನೂ ಗರಿಗಳ ಮಾದರಿಗಳನ್ನೂ ಅಂಟಿಸಿದನು. ಇದರ ಪರಾಕಾಷ್ಠೆಯನ್ನು 1876ರಲ್ಲಿ ಡಬ್ಲ್ಯು. ಎಚ್. ಆಲ್ಡಮ್ ಪ್ರಕಟಿಸಿದ ಗ್ರಂಥದಲ್ಲಿ ಕಾಣಬಹುದು. ಡರ್ಬಿಶೈರಿನ ವೃದ್ಧ ಗಾಳಗಾರನೊಬ್ಬನ ಹಸ್ತಪ್ರತಿಯನ್ನು ಅಚ್ಚು ಹಾಕಿಸಿ, ದಪ್ಪ ರಟ್ಟಿನ ಪುಟಗಳಲ್ಲಿ ಗುಳಿ ಕೊರೆದು, ಒಂದೊಂದು ಗುಳಿಯಲ್ಲಿ ಸಿದ್ಧಗೊಂಡ ಫ್ಲೈಯನ್ನೂ ಅದರ ಪಕ್ಕದಲ್ಲಿ ಅದಕ್ಕೆ ಬೇಕಾದ ರೇಷ್ಮೆ, ಗರಿ, ತುಪ್ಪಳಗಳ ತುಣುಕುಗಳನ್ನೂ ಅವನು ಕೂಡಿಸಿದನು. ಓದುಗನು ಪುಟ ತೆರೆದರೆ ಮಾತು, ಮಾದರಿ, ಸಾಮಗ್ರಿ ಮೂರೂ ಒಟ್ಟಿಗೆ ಸಿಗುತ್ತಿದ್ದವು. ಇಂಥ ಗ್ರಂಥ ದುಬಾರಿಯಾಗಿ ಕೆಲವರ ಕಪಾಟುಗಳಿಗಷ್ಟೇ ಸೀಮಿತವಾದದ್ದು ನಿಜ. ಆದರೆ ಈ ಕಸುಬಿನಲ್ಲಿ ಜ್ಞಾನವೆಂದರೆ ಏನೆಂಬುದನ್ನು ಅದಕ್ಕಿಂತ ಚೆನ್ನಾಗಿ ಅರಿತ ಪ್ರಕಾಶಕ ಮತ್ತೊಬ್ಬನಿರಲಾರ.

ಬಡವರಿಗೂ ದೊರೆತ ವಾಹನ ಅಂಚೆ. ಗರಿಗೆ ತೂಕವಿಲ್ಲ, ಫ್ಲೈಗಂತೂ ಇಲ್ಲವೇ ಇಲ್ಲ. ಕಾಗದದಲ್ಲಿ ಮಡಚಿಟ್ಟರೆ ಪತ್ರದ ದರದಲ್ಲೇ ಸಮುದ್ರ ದಾಟುತ್ತದೆ. ಅಮೆರಿಕದ ವರ್ಮಾಂಟ್ ರಾಜ್ಯದ ಮ್ಯಾಂಚೆಸ್ಟರ್ ಎಂಬ ಊರಿನಲ್ಲಿ 1856ರಲ್ಲಿ ಸ್ಥಾಪನೆಯಾದ ಆರ್ವಿಸ್ ಸಂಸ್ಥೆಯ ಫ್ಲೈ ಕಟ್ಟುವ ವಿಭಾಗವನ್ನು 1876ರಿಂದ ನೋಡಿಕೊಳ್ಳುತ್ತಿದ್ದ, ಸಂಸ್ಥಾಪಕನ ಮಗಳಾದ ಮೇರಿ ಆರ್ವಿಸ್ ಮಾರ್ಬರಿಗೆ ಎದುರಾದ ಸಮಸ್ಯೆಯೆಂದರೆ, ಒಂದೇ ಹೆಸರು ಹೇಳಿ ಇಬ್ಬರು ಗಿರಾಕಿಗಳು ಎರಡು ಬೇರೆ ಫ್ಲೈಗಳನ್ನು ಕೇಳುತ್ತಿದ್ದರು. ದೇಶದ ನಾನಾ ರಾಜ್ಯಗಳ ಗಾಳಗಾರರಿಗೆ ಪತ್ರ ಬರೆದು, ಅವರವರ ನೀರಿನಲ್ಲಿ ಯಾವ ಫ್ಲೈ ಕೆಲಸ ಮಾಡುತ್ತದೆ, ಅದು ಯಾರಿಂದ ಬಂತು ಎಂದು ಕೇಳಿ ತರಿಸಿಕೊಂಡ ಉತ್ತರಗಳನ್ನು ಆಧರಿಸಿ ಅವರು 1892ರಲ್ಲಿ ಬಣ್ಣದ ಚಿತ್ರಗಳುಳ್ಳ ಬೃಹತ್ ಗ್ರಂಥವನ್ನು ಪ್ರಕಟಿಸಿದರು. ಗ್ರಂಥದ ಬಹುಭಾಗ ಆ ಪತ್ರಗಳೇ ಆಗಿರುವುದರಿಂದ, ಸಾಮಾನ್ಯ ಗಾಳಗಾರರು ತಮ್ಮ ಅನುಭವವನ್ನು ಒಂದೆಡೆ ಕಲೆಹಾಕಿದ ಮೊದಲ ದೊಡ್ಡ ದಾಖಲೆಯೆಂದು ಅದನ್ನು ಪರಿಗಣಿಸಬಹುದು.

ಅದಕ್ಕೆ ಎರಡು ವರ್ಷ ಮೊದಲು, 1890ರ ಫೆಬ್ರವರಿಯಲ್ಲಿ, ಇಂಗ್ಲೆಂಡಿನ ಫ್ರೆಡರಿಕ್ ಹಾಲ್‌ಫೋರ್ಡ್ ಕಳುಹಿಸಿದ ಒಂದು ಲಕೋಟೆಯ ಫಲ ಇನ್ನೂ ದೂರಗಾಮಿಯಾದದ್ದು. ನೀರಿನ ಮೇಲೆಯೇ ತೇಲುವ, ಹಾಗಾಗಿ ಡ್ರೈ ಫ್ಲೈ ಎಂದು ಕರೆಯುವ ಬಗೆಯನ್ನು 1886ರ ತನ್ನ ಗ್ರಂಥದಲ್ಲಿ ಶಾಸ್ತ್ರವಾಗಿಸಿದ್ದ ಹಾಲ್‌ಫೋರ್ಡ್‌ಗೆ ನ್ಯೂಯಾರ್ಕ್ ರಾಜ್ಯದ ಥಿಯೊಡೋರ್ ಗಾರ್ಡನ್ ಪತ್ರ ಬರೆದಿದ್ದನು. ಉತ್ತರದ ಜೊತೆಗೆ ಹಾಲ್‌ಫೋರ್ಡ್ ತನ್ನ ಫ್ಲೈಗಳ ಮಾದರಿಗಳನ್ನೇ ಕಳುಹಿಸಿದನು. ಇಂಗ್ಲೆಂಡಿನ ಸುಣ್ಣಕಲ್ಲಿನ ನೆಲದ ತಿಳಿನೀರಿನ ಮಂದ ಹೊಳೆಗಳಿಗೆಂದು ಕಟ್ಟಿದ ಆ ಫ್ಲೈಗಳು ಕ್ಯಾಟ್‌ಸ್ಕಿಲ್ ಬೆಟ್ಟಗಳ ಬಂಡೆಗಳ ನಡುವೆ ಧುಮ್ಮಿಕ್ಕುವ ನೆವರ್‌ಸಿಂಕ್ ನದಿಯಲ್ಲಿ ತೇಲಿ ನಿಲ್ಲಲಾರವೆಂದು ಕಂಡ ಗಾರ್ಡನ್, ಕಟ್ಟಿನ ತತ್ವವನ್ನು ಮಾತ್ರ ಉಳಿಸಿಕೊಂಡು ಸಾಮಗ್ರಿಯನ್ನು ಬದಲಿಸಿದನು. ಅವನ ಹೆಸರಿನಿಂದಲೇ ಪ್ರಸಿದ್ಧವಾದ ಕ್ವಿಲ್ ಗಾರ್ಡನ್ ಎಂಬ ಫ್ಲೈಯ ರೆಕ್ಕೆ ಅಮೆರಿಕದ ವುಡ್ ಡಕ್ ಬಾತುಕೋಳಿಯ ಪಕ್ಕೆಯ ಗೆರೆಗರಿಯದು. ಅದರ ಒಡಲು ನವಿಲುಗರಿಯದು. ನವಿಲುಗರಿಯ ಕಣ್ಣಿನ ಭಾಗದ ಒಂದು ಎಳೆಯನ್ನು ಕಿತ್ತು, ಅದರ ಮೇಲಿನ ಹಸಿರು ನಯವನ್ನು ಉಗುರಿನಿಂದ ಕೆರೆದು ತೆಗೆದರೆ ಒಂದು ಅಂಚು ತಿಳಿ, ಇನ್ನೊಂದು ಅಂಚು ಗಾಢವಾಗಿರುವ ಚಪ್ಪಟೆ ಪಟ್ಟಿ ಉಳಿಯುತ್ತದೆ. ಅದನ್ನು ಗಾಳಕ್ಕೆ ಒತ್ತೊತ್ತಾಗಿ ಸುತ್ತಿದಾಗ ಮೇಫ್ಲೈ ಎಂಬ ನೀರುಕೀಟದ ಹೊಟ್ಟೆಯ ಮೇಲಿನ ಉಂಗುರಗಳು ಹಾಗೆಯೇ ಮೂಡುತ್ತವೆ. ಮುಂದೆ ಕ್ಯಾಟ್‌ಸ್ಕಿಲ್ ಸಂಪ್ರದಾಯವೆಂದು ಹೆಸರಾದ ಇಡೀ ಶೈಲಿಯು ಈ ಬಗೆಯ ಮಾರ್ಪಾಡುಗಳಿಂದ ಬೆಳೆಯಿತು.

ಸಾಮಗ್ರಿಯ ಗುಟ್ಟನ್ನು ಕಾಪಾಡಿಕೊಂಡ ಪ್ರಸಂಗಗಳಲ್ಲಿ ಟಪ್ಸ್ ಇಂಡಿಸ್ಪೆನ್ಸಬಲ್ ಎಂಬ ಫ್ಲೈಯದು ಅತ್ಯಂತ ಹೃದ್ಯವಾದದ್ದು. ಡೆವನ್ ಸೀಮೆಯ ಟಿವರ್ಟನ್ ಊರಿನ ಆರ್. ಎಸ್. ಆಸ್ಟಿನ್ 1900ರ ಆಸುಪಾಸಿನಲ್ಲಿ ಕಟ್ಟಿದ ಈ ಫ್ಲೈಯ ನಸುಗುಲಾಬಿ ಒಡಲು ನೀರಿನಲ್ಲಿ ನೆನೆದಾಗ ಜೀವಂತ ಕೀಟದ ಮೈಯಂತೆ ಅರೆಪಾರದರ್ಶಕವಾಗುತ್ತಿತ್ತು. ಟಗರಿನ ವೃಷಣಚೀಲದ ಮೇಲಿನ ಉಣ್ಣೆಯನ್ನು ತೊಳೆದು, ಸೀಲ್ ಪ್ರಾಣಿಯ ಕೆನೆಬಣ್ಣದ ತುಪ್ಪಳ, ಸ್ಪ್ಯಾನಿಯಲ್ ನಾಯಿಯ ನಿಂಬೆಬಣ್ಣದ ಕೂದಲು ಮತ್ತು ತುಸು ಕೆಂಪು ಎಳೆಗಳೊಂದಿಗೆ ಬೆರೆಸಿದ ಆ ಮಿಶ್ರಣವನ್ನು ಎಷ್ಟು ಫ್ಲೈ ಬಿಚ್ಚಿದರೂ ಊಹಿಸಲು ಸಾಧ್ಯವಿರಲಿಲ್ಲ. ಆಸ್ಟಿನ್ ಅದನ್ನು ಜಿ. ಇ. ಎಂ. ಸ್ಕ್ಯೂಸ್ ಎಂಬ ಪ್ರಸಿದ್ಧ ಲೇಖಕನಿಗೆ ತಿಳಿಸಿದ್ದನು. ಫ್ಲೈಗೆ ಹೆಸರಿಟ್ಟವನೂ ಸ್ಕ್ಯೂಸನೇ. 1911ರಲ್ಲಿ ಆಸ್ಟಿನ್ ತೀರಿಕೊಂಡ ಮೇಲೆ ಅವನ ಮಗಳು ಅದೇ ಫ್ಲೈಯನ್ನು ಕಟ್ಟಿ ಮಾರಿ ಜೀವನ ನಡೆಸುತ್ತಿದ್ದುದರಿಂದ, ಗಾಳಗಾರಿಕೆಯ ಬಗ್ಗೆ ಎಲ್ಲವನ್ನೂ ಬರೆಯುತ್ತಿದ್ದ ಸ್ಕ್ಯೂಸ್ ಈ ಒಂದನ್ನು ಮಾತ್ರ ಬರೆಯಲಿಲ್ಲ. ಆಕೆ ವ್ಯಾಪಾರದಿಂದ ನಿವೃತ್ತಳಾದ ಮೇಲೆ, 1934ರಲ್ಲಿ, ಮಿಶ್ರಣದ ವಿವರ ಬೆಳಕಿಗೆ ಬಂತು. ಹಂಚಿಕೆಯೇ ಧರ್ಮವಾಗಿದ್ದ ಈ ಬಳಗದಲ್ಲಿ ಯಾವಾಗ ಹಂಚಬಾರದು ಎಂಬ ವಿವೇಕವೂ ಇತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗದು.

ಕಟ್ಟಿನ ಗುಟ್ಟನ್ನು ಮಾತ್ರ ಯಾರೂ ಹೆಚ್ಚು ಕಾಲ ಉಳಿಸಿಕೊಳ್ಳಲಾಗಲಿಲ್ಲ. 1920ರ ದಶಕದ ಕೊನೆಯಲ್ಲಿ ಕ್ಯಾಟ್‌ಸ್ಕಿಲ್‌ನ ರಾಸ್ಕೋ ಊರಿನ ವಾಲ್ಟ್ ಡೆಟ್ಟಿ, ಆ ಸೀಮೆಯ ಪ್ರಸಿದ್ಧ ಕಸುಬುದಾರ ರೂಬ್ ಕ್ರಾಸ್‌ನಲ್ಲಿಗೆ ಹೋಗಿ 50 ಡಾಲರ್ ಕೊಡುವುದಾಗಿ ಹೇಳಿ ಕಲಿಸಲು ಕೇಳಿಕೊಂಡರೂ ಕ್ರಾಸ್ ಒಪ್ಪಲಿಲ್ಲ. ಡೆಟ್ಟಿ ಆ ಹಣದಿಂದ ಕ್ರಾಸ್‌ನ ಫ್ಲೈಗಳನ್ನೇ ಕೊಂಡು, ಹೆಂಡತಿ ವಿನ್ನಿ ಮತ್ತು ಗೆಳೆಯ ಹ್ಯಾರಿ ಡಾರ್ಬಿಯ ಜೊತೆ ಸೇರಿ ಭೂತಗನ್ನಡಿಯ ಕೆಳಗೆ ಸುತ್ತು ಸುತ್ತಾಗಿ ಬಿಚ್ಚುತ್ತ, ಪ್ರತಿ ಸುತ್ತನ್ನೂ ಗುರುತು ಹಾಕಿಕೊಳ್ಳುತ್ತ ಕಲಿತನು. ಸ್ಕಾಟ್ಲೆಂಡಿನ ಬ್ರೋರಾ ಬಳಿಯ ಪುಟ್ಟ ಮನೆಯಲ್ಲಿ ಜೀವಮಾನವಿಡೀ ಸಾಲ್ಮನ್ ಫ್ಲೈಗಳನ್ನು ಕಟ್ಟಿದ, ತಾನು ಮಾತ್ರ ಎಂದೂ ಮೀನು ಹಿಡಿಯದ ಮೇಗನ್ ಬಾಯ್ಡ್ ಕೂಡ ಬಾಲ್ಯದಲ್ಲಿ ಕಲಿತದ್ದು, ಹಳೆಯ ಫ್ಲೈಗಳನ್ನು ಬಿಚ್ಚಿ ಅದೇ ಸಾಮಗ್ರಿಯಿಂದ ಚಿಕ್ಕ ಗಾಳದ ಮೇಲೆ ಮತ್ತೆ ಕಟ್ಟುವ ಅಭ್ಯಾಸದಿಂದಲೇ. 1971ರಲ್ಲಿ ಆಕೆಗೆ ಬ್ರಿಟಿಷ್ ಎಂಪೈರ್ ಪದಕ ದೊರೆಯಿತು.

ಕಲಿತ ಮೇಲೂ ಡೆಟ್ಟಿ ದಂಪತಿಗೆ, ಡಾರ್ಬಿ ದಂಪತಿಗೆ ಉಳಿದ ತೊಂದರೆ ಗರಿಯದು. ತೇಲುವ ಫ್ಲೈಗೆ ಹುಂಜದ ಕೊರಳಿನ ಅಥವಾ ಬೆನ್ನಿನ ಬಿರುಸಾದ ನೀಳ ಗರಿ, ಅಂದರೆ ಹ್ಯಾಕಲ್ ಬೇಕು. ಅದನ್ನು ಗಾಳಕ್ಕೆ ಸುತ್ತಿದಾಗ ಎಳೆಗಳು ಸುತ್ತಲೂ ಚಾಚಿ ಫ್ಲೈಯನ್ನು ನೀರಿನ ಮೇಲೆ ನಿಲ್ಲಿಸುತ್ತವೆ. ಅದರಲ್ಲೂ ಬ್ಲೂ ಡನ್ ಎಂಬ, ಮೋಡದಂಥ ಬೂದುಬಣ್ಣದ ಗರಿ ಬಲು ಅಪರೂಪ, ಏಕೆಂದರೆ ಈ ಬಣ್ಣದ ಹುಂಜ ಹೇಂಟೆಗಳನ್ನು ಕೂಡಿಸಿದರೂ ಮರಿಗಳಲ್ಲಿ ಸುಮಾರು ಅರ್ಧ ಮಾತ್ರ ಬೂದು ಬಣ್ಣಕ್ಕೆ ಬರುತ್ತವೆ, ಉಳಿದವು ಕಪ್ಪಾಗಿಯೋ ಚುಕ್ಕೆಬಿಳುಪಾಗಿಯೋ ಹುಟ್ಟುತ್ತವೆ. ಅವರು ಹಿತ್ತಿಲಲ್ಲಿ ಕೋಳಿ ಸಾಕಿ ವರ್ಷಗಟ್ಟಲೆ ಆರಿಸುತ್ತ ಬಂದರು. 1950ರ ದಶಕದಲ್ಲಿ ಡಾರ್ಬಿ ತನ್ನ ತಳಿಯ ಮೊಟ್ಟೆಗಳನ್ನು ಮಿನೆಸೋಟಾದ ಆ್ಯಂಡಿ ಮೈನರ್‌ಗೆ ಕೊಟ್ಟನು. ಮೈನರ್ ಬೆಳೆಸಿದ ತಳಿ ಪೆನ್ಸಿಲ್ವೇನಿಯಾದ ಬಕ್ ಮೆಟ್ಜ್‌ಗೆ ಹೋಗಿ, ಅಲ್ಲಿ ಗರಿಗಾಗಿಯೇ ಕೋಳಿ ಸಾಕುವ ದೊಡ್ಡ ಉದ್ಯಮವಾಯಿತು. ಇಂದು ಕೊಲರಾಡೋದ ಫಾರಂಗಳಲ್ಲಿ ಬೆಳೆಯುವ ಹುಂಜಗಳ ಒಂದು ನೀಳ ಗರಿಯಿಂದ ಹಲವು ಫ್ಲೈಗಳನ್ನು ಕಟ್ಟಬಹುದು. ಲಿಯೋನಿನ ತಳಿಯೂ ಈಗ ಅಲ್ಲಿ ಬೆಳೆಯುತ್ತಿದೆ. 2011ರಲ್ಲಿ ಅಮೆರಿಕದ ಹೆಂಗಸರು ತಲೆಗೂದಲಿಗೆ ಇಂಥ ಗರಿಗಳನ್ನು ಜೋಡಿಸಿಕೊಳ್ಳುವ ಫ್ಯಾಷನ್ ಹಬ್ಬಿ, ಗಾಳದ ಅಂಗಡಿಗಳಲ್ಲಿ ಗರಿ ಸಿಗದೆ ಬೆಲೆ ಗಗನಕ್ಕೇರಿದ್ದು ಈ ಉದ್ಯಮದ ಇತ್ತೀಚಿನ ಚರಿತ್ರೆಯ ಒಂದು ವಿಚಿತ್ರ ಅಧ್ಯಾಯ.

ಸಾಮಗ್ರಿಯ ಹಸಿವು ಕಾಡಿನ ಹಕ್ಕಿಗಳನ್ನು ಬಲಿ ತೆಗೆದುಕೊಂಡದ್ದು ಸಾಲ್ಮನ್ ಫ್ಲೈಗಳ ವಿಷಯದಲ್ಲಿ. ಈ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಸಮುದ್ರದಿಂದ ಮೊಟ್ಟೆಯಿಡಲು ನದಿಗೆ ಏರಿಬರುವ ಸಾಲ್ಮನ್ ಸಿಹಿನೀರಿನಲ್ಲಿ ಆಹಾರ ತಿನ್ನುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಡುವುದರಿಂದ ಅದರ ಫ್ಲೈ ಯಾವ ಕೀಟವನ್ನೂ ಹೋಲಬೇಕಿಲ್ಲ; ಈ ಸ್ವಾತಂತ್ರ್ಯ ವಿಕ್ಟೋರಿಯಾ ರಾಣಿಯ ಕಾಲದ ಬ್ರಿಟನ್ನಿನಲ್ಲಿ ಆಡಂಬರಕ್ಕೆ ದಾರಿಯಾಯಿತು. 1895ರಲ್ಲಿ ಜಾರ್ಜ್ ಕೆಲ್ಸನ್ ಪ್ರಕಟಿಸಿದ ಗ್ರಂಥದಲ್ಲಿ ಟೂಕನ್, ಮಕಾವ್, ಕೊಟಿಂಗಾ ಮೊದಲಾದ ದಕ್ಷಿಣ ಅಮೆರಿಕದ ಹಕ್ಕಿಗಳ ಗರಿಗಳು ಪುಟಪುಟದಲ್ಲೂ ಇವೆ. ಅವುಗಳ ಜೊತೆ ಪದೇ ಪದೇ ಬರುವ ಇನ್ನೊಂದು ಸಾಮಗ್ರಿ ಜಂಗಲ್ ಕಾಕ್, ಅಂದರೆ ಪಶ್ಚಿಮ ಘಟ್ಟಗಳ, ಮಲೆನಾಡು ಕೊಡಗುಗಳ ಬೂದು ಕಾಡುಕೋಳಿಯ ಹುಂಜ. ಅದರ ಕೊರಳಗರಿಯ ತುದಿಯಲ್ಲಿ ಮೇಣದ ಹನಿ ಬಿದ್ದು ಗಟ್ಟಿಯಾದಂತೆ ಹಳದಿಬಿಳುಪಿನ ಹೊಳಪುಳ್ಳ ಮಚ್ಚೆಗಳಿರುತ್ತವೆ. ಫ್ಲೈಯ ಎರಡು ಕೆನ್ನೆಗಳಿಗೆ ಆ ಗರಿಗಳನ್ನು ಕಟ್ಟಿದಾಗ ಅವು ಮೀನುಮರಿಯ ಕಣ್ಣಿನಂತೆ ಕಾಣುತ್ತವೆ. ಸಂತಾನಕಾಲ ಮುಗಿದ ಮೇಲೆ ಹುಂಜವು ಈ ಗರಿಗಳನ್ನು ಉದುರಿಸಿ ಕೆಲಕಾಲ ಮಂಕಾದ ಗರಿ ಹೊದ್ದಿರುವುದರಿಂದ, ಬೇಟೆ ನಡೆದದ್ದು ಅದು ತುಂಬು ಗರಿಯಲ್ಲಿದ್ದಾಗಲೇ.

ಇದೇ ನಾಡಿನಲ್ಲಿ ಮೀನು ಹಿಡಿದ ಬ್ರಿಟಿಷ್ ಅಧಿಕಾರಿಗಳೂ ಗಾಳಗಾರಿಕೆಯ ಸಾಹಿತ್ಯಕ್ಕೆ ಒಂದು ಮುಖ್ಯ ಕೃತಿಯನ್ನು ಸೇರಿಸಿದರು. ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ, ಭಾರತದ ಗಾಳಗಾರಿಕೆಯ ಮೂಲಗ್ರಂಥವೆನಿಸಿದ ಕೃತಿ ಮೊದಲು ಪ್ರಕಟವಾದದ್ದು 1873ರಲ್ಲಿ ಮಂಗಳೂರಿನಲ್ಲಿ. ಘಟ್ಟದಿಂದ ಇಳಿಯುವ ನದಿಗಳ ಮಹಶೀರ್ ಮೀನನ್ನು ಹಿಡಿಯುವ ವಿಧಾನಗಳನ್ನು, ಅದಕ್ಕೆ ಒದಗುವ ಫ್ಲೈಗಳನ್ನೂ ಒಳಗೊಂಡು, ವಿವರವಾಗಿ ಬರೆದ ಈ ಗ್ರಂಥವು ಅನಂತರ ಲಂಡನ್ನಿನಲ್ಲಿಯೂ ಮುದ್ರಣಗಳನ್ನು ಕಂಡಿತು.

ಗರಿಯ ವ್ಯಾಪಾರಕ್ಕೆ ಕಡಿವಾಣ ಬಿದ್ದದ್ದು ಫ್ಲೈಗಳ ಕಾರಣಕ್ಕಿಂತ ಹೆಚ್ಚಾಗಿ ಹೆಂಗಸರ ಟೋಪಿಗಳ ಗರಿಗಾಗಿ ನಡೆದ ಹಕ್ಕಿಗಳ ಮಾರಣಹೋಮದ ಕಾರಣಕ್ಕೆ. ಬ್ರಿಟಿಷ್ ಇಂಡಿಯಾ ಸರ್ಕಾರ 1902ರಲ್ಲಿ ಕಾಡುಹಕ್ಕಿಗಳ ಚರ್ಮ ಮತ್ತು ಗರಿಗಳ ರಫ್ತನ್ನು ನಿಷೇಧಿಸಿತು. ಅಮೆರಿಕ 1913ರ ಸುಂಕದ ಕಾಯ್ದೆಯಲ್ಲಿ, ಬ್ರಿಟನ್ 1921ರ ಕಾಯ್ದೆಯಲ್ಲಿ ಆಮದನ್ನು ತಡೆದವು. ಆದರೂ ಅಮೆರಿಕವು ಮುಂದೆ ಫ್ಲೈ ಕಟ್ಟುವವರಿಗೆಂದೇ ವಿನಾಯಿತಿ ಕೊಟ್ಟು, ವರ್ಷಕ್ಕೆ 5000 ಬೂದು ಕಾಡುಕೋಳಿ ಚರ್ಮಗಳವರೆಗೆ ತರಿಸಿಕೊಳ್ಳಲು ಅವಕಾಶವಿತ್ತಿತು. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈ ಹಕ್ಕಿಯ ಬೇಟೆ, ವ್ಯಾಪಾರ ಎರಡೂ ಅಪರಾಧ; ನವಿಲುಗರಿಯ ರಫ್ತಿಗೂ ನಿಷೇಧವಿದೆ. ಬ್ರಿಟನ್ನಿನಲ್ಲಿ ಸಾಕಿ ಬೆಳೆಸಿದ ಕಾಡುಕೋಳಿಗಳ ಗರಿ ಇಂದು ದುಬಾರಿ ಬೆಲೆಗೆ ಮಾರಾಟವಾಗುತ್ತದೆ, ಕೆಲವರು ಬಣ್ಣ ಹಾಕಿದ ಸಾಧಾರಣ ಕೋಳಿಗರಿಯನ್ನೇ ಬಳಸುತ್ತಾರೆ. ಕೆಲವರಿಗೆ ಅದು ಸಾಲದು. 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್ ಊರಿನ ಪ್ರಕೃತಿ ವಿಜ್ಞಾನ ಸಂಗ್ರಹಾಲಯದಿಂದ ಹಳೆಯ ಸಾಲ್ಮನ್ ಫ್ಲೈಗಳ ಮೋಹಕ್ಕೆ ಬಿದ್ದ ತರುಣನೊಬ್ಬ 299 ಹಕ್ಕಿ ಚರ್ಮಗಳನ್ನು ಕದ್ದನು. ಎಷ್ಟೋ ಮಾದರಿಗಳಿಂದ, ಯಾವ ಕಾಡಿನಲ್ಲಿ ಯಾವಾಗ ಸಿಕ್ಕಿತೆಂದು ಬರೆದ ಚೀಟಿಗಳನ್ನು ಅವನು ಕತ್ತರಿಸಿ ಹಾಕಿದ್ದರಿಂದ, ಮರಳಿ ಸಿಕ್ಕವುಗಳಲ್ಲಿಯೂ ಹಲವು ವಿಜ್ಞಾನಕ್ಕೆ ನಿರುಪಯುಕ್ತವಾದವು. ಈ ಕಸುಬಿನ ಚರಿತ್ರೆಯಲ್ಲಿ ಇದಕ್ಕಿಂತ ದುಃಖಕರ ಘಟನೆಯಿಲ್ಲ.

ಎರಡನೆಯ ಮಹಾಯುದ್ಧದ ಅನಂತರ ಮಾರಾಟದ ಫ್ಲೈಗಳ ತಯಾರಿಕೆ ಹೆಚ್ಚಾಗಿ ಕೀನ್ಯಾ, ಶ್ರೀಲಂಕಾ, ಥಾಯ್ಲೆಂಡ್‌ಗಳಿಗೆ ಸರಿದು, ಅಮೆರಿಕ ಮತ್ತು ಬ್ರಿಟನ್ನುಗಳಲ್ಲಿ ಮನೆಯಲ್ಲಿ ಕಟ್ಟುವವರ ಸಂಘಗಳು ಬೆಳೆದವು. ಇವುಗಳಲ್ಲಿ ಬೇರೂರಿದ ಫ್ಲೈ ಸ್ವಾಪ್ ಎಂಬ ವಿನಿಮಯದ ರೂಢಿಯಲ್ಲಿ, ಪಾಲ್ಗೊಳ್ಳುವ ಪ್ರತಿಯೊಬ್ಬರೂ ಒಂದೇ ನಮೂನೆಯ ಫ್ಲೈಯನ್ನು ಸದಸ್ಯರ ಸಂಖ್ಯೆಗೆ ತಕ್ಕಷ್ಟು ಕಟ್ಟಿ ಒಬ್ಬ ಹೊಣೆಗಾರರಿಗೆ ಅಂಚೆಯಲ್ಲಿ ಕಳುಹಿಸುತ್ತಾರೆ. ಅವರು ಎಲ್ಲವನ್ನೂ ಬೇರ್ಪಡಿಸಿ ಪ್ರತಿಯೊಬ್ಬರಿಗೂ ಎಲ್ಲರ ಒಂದೊಂದು ಫ್ಲೈ ಬರುವಂತೆ ಹಿಂದಿರುಗಿಸುತ್ತಾರೆ. ಪ್ರತಿ ಫ್ಲೈಗೂ ಒಂದು ಪುಟ್ಟ ಚೀಟಿ ಕಟ್ಟಿರಬೇಕೆಂಬುದು ನಿಯಮ. ಕಟ್ಟಿದವರ ಹೆಸರು, ಗಾಳದ ಅಳತೆ, ದಾರದ ಬಣ್ಣ, ಬಾಲ, ಒಡಲು, ರೆಕ್ಕೆ, ಹ್ಯಾಕಲ್ ಹೀಗೆ ಕಟ್ಟುವ ಕ್ರಮದಲ್ಲಿಯೇ ಅದರಲ್ಲಿ ವಿವರಗಳಿರುತ್ತವೆ. ತುಪ್ಪಳ ಯಾವ ಪ್ರಾಣಿಯದು, ಗರಿ ಯಾವ ಹಕ್ಕಿಯದು, ಬಣ್ಣ ಸಹಜವೋ ಹಾಕಿದ್ದೋ ಎಂಬುದನ್ನು ಸ್ಪಷ್ಟವಾಗಿ ಬರೆಯದ ಚೀಟಿಯನ್ನು ಹೊಣೆಗಾರರು ಸಾಮಾನ್ಯವಾಗಿ ತಿದ್ದಿಸಿಕೊಳ್ಳುತ್ತಾರೆ.